ಪಟ್ಟಣ ಸೇರಿದ ಓಣಿಯ ಘರಪಟ್ಟಿ

ನಿಪ್ಪಾಣಿ ಕಡೆಯ ಒಂದು ಹಳ್ಳಿಯ ಪಂಚಾಯಿತಿಯಲ್ಲಿ ಕುಸುಮ ಕರ ವಸೂಲಿ ಮಾಡುತ್ತಿದ್ದಳು. ಘರಪಟ್ಟಿ ಎನ್ನುವ ಮನೆ ಕರ ಕೇಳಲು ಹೋದರೆ ಬೀಡಿ ಕಟ್ಟುವ ಹೆಂಗಸರು ಎಲೆಯ ಮೊರ ಸರಿಸಿ ಕೂರಿಸಿಕೊಳ್ಳುತ್ತಿದ್ದರು. ಆ ಹಳ್ಳಿಯನ್ನು ಪಕ್ಕದ ಪಟ್ಟಣದ ಪುರಸಭೆಗೆ ಸೇರಿಸಿದಾಗ ಅವಳೂ ಅಲ್ಲಿನ ನೌಕರಳಾದಳು. ನೀರು, ದೀಪ, ಕಸದ ಗಾಡಿ ಎಲ್ಲ ಇನ್ನು ಪಟ್ಟಣದ್ದೇ ಎಂದರು. ಅವು ಬರುವ ಮೊದಲೇ ಪಟ್ಟಣದ ದರ ಬಂತು. ಘರಪಟ್ಟಿ ಮೂರು ಪಟ್ಟಾಯಿತು.

ಆಡು ಸಾಕಿಕೊಂಡಿದ್ದ ಮುದುಕಿ ಹೊಳೆವ್ವ ಬಾಗಿಲಲ್ಲೇ ಅಡ್ಡ ನಿಂತಳು.

“ದರ ಪಟ್ಟಣದ್ದು, ಕತ್ತಲಿ ಮಾತ್ರ ನಮ್ಮ ಹಳ್ಳೀದ ಏನ್ ಬೇ? ನೀ ನಮ್ಮಾಕಿ ಅಂತ ತಿಳಕೊಂಡಿದ್ದೆ.”

ಕುಸುಮ ರಸೀದಿ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಹಿಂದಿರುಗಿದಳು. ಮರುದಿನ ಅವಳು ಹೊಸ ಮುಖ್ಯಾಧಿಕಾರಿ ಸಿದ್ದಲಿಂಗ ಅವರ ಮುಂದೆ ನಿಂತಳು. “ಆ ಓಣ್ಯಾಗ ಮಾರಿ ತೋರಸಾಕ ಆಗವಲ್ದು ಸರ್. ಒಮ್ಮೆ ನೀವ ಬರ್ರಿ.”

ಅವರು ಸಂಜೆ ಬಂದರು. ಕತ್ತಲ ಓಣಿಯಲ್ಲಿ ತೆರೆದ ಗಟಾರಕ್ಕೆ ಕಾಲಿಟ್ಟರು. ಹೊಳೆವ್ವನೇ ಕೈಹಿಡಿದು ಎತ್ತಿ ಕಾಲಿಗೆ ನೀರು ಸುರಿದಳು.

“ದೂರಿಂದ ಹೊತ್ತು ತಂದ ನೀರ್ರಿ ಸಾಹೇಬ್ರ.”

“ಹಂಗಾರ ಸಾಕ ಬಿಡವ್ವ,” ಎಂದು ಅವರು ಕೆಸರುಗಾಲಲ್ಲೇ ಓಣಿಯ ಕೊನೆಯವರೆಗೂ ನಡೆದರು. ಹೊರಡುವಾಗ ವಾರ್ಡ್ ಸಭೆ ಕರೆಯುವುದಾಗಿ ಹೇಳಿದರು.

ಕುಸುಮ ಮನೆಮನೆಗೆ ಹೋಗಿ ಜನರನ್ನು ಸಭೆಗೆ ಕರೆತಂದಳು. “ದರ ಇಳಿಸಿದ್ರ ಊರು ನಡ್ಯೂದ ಹೆಂಗ?” ಎಂದು ಪಟ್ಟಣದ ಸದಸ್ಯರೊಬ್ಬರು ರೇಗಿದರು.

ಹೊಳೆವ್ವ ಎದ್ದಳು. “ಕೊಡೂದಿಲ್ಲ ಅನ್ನಾಕತ್ತಿಲ್ರಿ. ಎಲ್ಲಿತನಾ ಏರಸ್ತೀರಿ, ಅದನ್ನರ ಹೇಳ್ರಿ. ಅದಕ್ಕೊಂದು ಮಿತಿ ಬ್ಯಾಡೇನು?”

ವಾದ ಬಹಳ ಹೊತ್ತು ನಡೆಯಿತು. ಕೊನೆಗೆ ಒಂದು ಒಪ್ಪಂದಕ್ಕೆ ಬಂದರು: ನಳ, ದೀಪ ಬರುವವರೆಗೆ ಆ ಓಣಿಗೆ ಹಳೆಯ ಪಂಚಾಯಿತಿ ದರವೇ; ಬಂದ ಮೇಲೂ ವರ್ಷಕ್ಕೆ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಏರಿಸುವಂತಿಲ್ಲ. ಮೇಲಧಿಕಾರಿಗಳ ಮಂಜೂರಾತಿಗೆ ತಿಂಗಳುಗಳೇ ಹಿಡಿದವು. ಆದರೂ ಬಂತು.

ಶ್ರಾವಣದಲ್ಲಿ ಹೊಳೆವ್ವನ ಮನೆ ಮುಂದೆ ನಳ ಕೂತಿತು. ಮೊದಲ ಬಾರಿ ನೀರು ಬಿಟ್ಟಾಗ ಕೆಂಪು ನೀರು ಬಂತು. ತಿಳಿಯಾದ ಮೇಲೆ ಹೊಳೆವ್ವ ಕೊಡ ಇಟ್ಟಳು. ಆ ವರ್ಷದ ಘರಪಟ್ಟಿಯನ್ನು ತಾನೇ ಕಚೇರಿಗೆ ಬಂದು ಕಟ್ಟಿದಳು. ಕುಸುಮ ರಸೀದಿ ಬರೆದುಕೊಟ್ಟಳು.

ಹೊಳೆವ್ವನ ಓಣಿಯ ಹಿಂದಿನ ಓಣಿಗೆ ಇನ್ನೂ ನಳ ಬಂದಿರಲಿಲ್ಲ. ಅಲ್ಲಿನ ತುಳಸವ್ವ ದಾರಿಯಲ್ಲಿ ಕುಸುಮಳನ್ನು ತಡೆದಳು. “ನಮ್ಮ ಪಾಳಿ ಯಾವಾಗ ಬೇ?”

“ನಾಳೆ ಮುಂಜಾನೆ ಕಚೇರಿಗೆ ಬರ್ರಿ ಅತ್ತಿ,” ಎಂದಳು ಕುಸುಮ. “ಇಬ್ಬರೂ ಕೂಡೇ ಸಾಹೇಬ್ರಿಗೆ ಕೇಳೂಣು.”