ಒರೆಗಲ್ಲಿಗೆ ತಿಕ್ಕಿದ ಕಿವಿಯ ಕೊಳವೆ

ಇದನ್ನು ಬರೆಯಲೆಂದು ಕುಳಿತು, ಕೊನೆಗೆ ಈ ಅಂಕಣಕ್ಕೆ ಬೀದಿದೀಪದ ಬಗ್ಗೆ ಬರೆದು ಕಳಿಸಿದ ವಾರಗಳು ಎಷ್ಟೋ. ನೀವು ಅದನ್ನೂ ಓದಿ ಮೆಚ್ಚಿದಿರಿ. ನಾನು ತಪ್ಪಿಸಿಕೊಳ್ಳುತ್ತಿದ್ದೇನೆಂದು ಯಾರಿಗೂ ಅನುಮಾನ ಬರಲಿಲ್ಲ.

ಅನುಮಾನ ನನ್ನ ಹುಟ್ಟುಗುಣ. ಸೀಲು ಹಾಕಿದ ಎಣ್ಣೆ ಪ್ಯಾಕೆಟ್ಟನ್ನೂ ಮನೆಯಲ್ಲಿ ತೂಗಿ ನೋಡುವವನು ನಾನು. (ಒಮ್ಮೆ ತೂಕ ಸರಿಯಾಗಿಯೇ ಇತ್ತು. ಆಗ ತಕ್ಕಡಿಯ ಮೇಲೆ ಅನುಮಾನ ಬಂತು.)

ಮೊಬೈಲು ಇನ್ನೂ ಸಾಹುಕಾರರ ಜೇಬಿನಲ್ಲಷ್ಟೇ ಇದ್ದ ಕಾಲ. ನನ್ನ ಮೊಮ್ಮಗಳಿಗೆ ಕಿವಿ ಮಂದವಾಗಿತ್ತು. ನಂಜನಗೂಡಿನ ಕಿವಿ ಡಾಕ್ಟರಮ್ಮ ಕಿವಿಯ ಪರದೆಗೆ ಎಳ್ಳುಕಾಳಿನಷ್ಟು ಸಣ್ಣ ಕೊಳವೆ ಕೂರಿಸಿದರು. "ಇದರಲ್ಲಿ ಬೆಳ್ಳಿ ಅಂಶ ಇದೆ, ಕೀವು ಮಾಡೋ ಬ್ಯಾಕ್ಟೀರಿಯಾ ಅಂಟಿಕೊಳ್ಳಲ್ಲ" ಎಂದರು. ಕೆಲವು ತಿಂಗಳ ಮೇಲೆ ತಾನೇ ಬೀಳುತ್ತದೆ ಎಂದೂ ಹೇಳಿದ್ದರಂತೆ. ನನ್ನ ತಲೆ ಬೆಳ್ಳಿಯಲ್ಲೇ ನಿಂತಿತ್ತು. ಅಷ್ಟು ಕಮ್ಮಿ ಬಿಲ್ಲಿಗೆ ಬೆಳ್ಳಿಯೇ?

ಒಂದು ದಿನ ಕೊಳವೆ ದಿಂಬಿನ ಮೇಲೆ ಬಿದ್ದಿತ್ತು. ಬಿತ್ತಲ್ಲ, ಮೋಸ ಎಂದುಕೊಂಡೆ. ಮಡಚಿದ ಕಾಗದದಲ್ಲಿಟ್ಟುಕೊಂಡು ಟಿ. ನರಸೀಪುರದ ಬಸ್ಸು ಹತ್ತಿದೆ. ಅಲ್ಲಿ ನಮ್ಮ ಮನೆಯ ಒಡವೆಗಳನ್ನೆಲ್ಲ ಮಾಡಿದ ಅಕ್ಕಸಾಲಿ ಇದ್ದ.

"ಇದ್ಯಾವ ಸೀಮೆ ಒಡ್ವೆ ಸಾ? ಇರುವೆ ಮದ್ವೆಗಾ?" ಎಂದು ನಕ್ಕ. ಒರೆಗಲ್ಲಿಗೆ ತಿಕ್ಕಿದ. ಗೆರೆ ಮೂಡಲಿಲ್ಲ. ಉರಿ ಹಿಡಿದ. ಕರಗಲಿಲ್ಲ, ಬೂದಿಯಾಯಿತು.

"ಬೆಳ್ಳಿ ಎಲ್ಲಾರಾ ಬೂದಿ ಆಯ್ತದಾ ಸಾ?"

ಸಾಕಲ್ಲ? ಮೊಮ್ಮಗಳು ಆ ಹೊತ್ತಿಗೆ ಪಿಸುಮಾತಿಗೂ ತಿರುಗಿ ನೋಡುತ್ತಿದ್ದಳು. ಅದು ನನಗೆ ಸಾಕ್ಷಿಯಾಗಿ ಕಾಣಲಿಲ್ಲ. ಒರೆಗಲ್ಲು ಕಂಡಿತು.

ಅದೇ ವಾರ ಎದುರುಮನೆ ಜಯಮ್ಮ ಬಂದಳು. ಅವಳ ಮಗಳಿಗೂ ಕಿವಿಯದೇ ತೊಂದರೆ, ಅದೇ ಡಾಕ್ಟರು.

"ಅಣ್ಣಾರೆ, ಸೋಮಾರ ಬನ್ನಿ ಅಂದವ್ರೆ. ನಮ್ ಉಡ್ಗೀಗೂ ಬೆಳ್ಳಿ ಕೊಳ್ವೆಯಂತೆ. ಏನ್ ಮಾಡನ?"

"ಬೆಳ್ಳಿನೂ ಇಲ್ಲ, ಗಿಳ್ಳಿನೂ ಇಲ್ಲ ಕಣಮ್ಮ. ಸುಟ್ಟು ನೋಡಿದೀನಿ."

"ನೀವೇ ಯೋಳುದ್ ಮ್ಯಾಲೆ ಮುಗೀತು ಬುಡಿ."

ನಮ್ಮ ಬೀದಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವನು ನಾನೊಬ್ಬನೇ. ನನ್ನ ಮಾತಿಗೆ ಅಷ್ಟು ತೂಕ. ಆ ಸೋಮವಾರ ಅವರು ಹೋಗಲಿಲ್ಲ. ಮಗುವಿನ ಕಿವಿಗೆ ಬೆಳ್ಳುಳ್ಳಿ ಎಣ್ಣೆ ಬಿಟ್ಟರು. ಎರಡೂ ಕಿವಿ ಸೋರತೊಡಗಿದವು. ಮೈಸೂರಿನ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಒಳಗಿನ ಸಣ್ಣ ಮೂಳೆಗಳು ಸವೆದುಹೋಗಿದ್ದವು.

ಆಮೇಲೆ ಡಾಕ್ಟರಮ್ಮನ ಹತ್ತಿರ ಜಗಳಕ್ಕೆಂದೇ ಹೋಗಿ, ಕೊಳವೆಯಲ್ಲಿ ಬೆಳ್ಳಿ ಎಲ್ಲಿತ್ತು ಎಂದು ಕೇಳಿದೆ. "ಅದು ರಬ್ಬರಿನಂಥ ವಸ್ತು ಯಜಮಾನರೇ. ಬೆಳ್ಳಿ ಅಂಶ ಚೂರೇ ಚೂರು ಸೇರಿಸಿರ್ತಾರೆ. ಒಡವೆ ಅಲ್ವಲ್ಲ" ಎಂದರು. ಪಾಪ, ನಾನು ಯಾಕೆ ಬಂದೆನೆಂದು ಅವರಿಗೆ ಗೊತ್ತಿರಲಿಲ್ಲ. ಹೇಳದೆ ಎದ್ದು ಬಂದೆ.

ಅನುಮಾನಪಡುವುದು ತಪ್ಪೇ? ಅಲ್ಲ. ಔಷಧಿ ಅಂಗಡಿಯಲ್ಲಿ ಈಗಲೂ ಡೇಟು ನೋಡದೆ ಮಾತ್ರೆ ಕೊಳ್ಳುವವನಲ್ಲ ನಾನು. ನನಗೆ ಬೇಕಾದ ಉತ್ತರ ಸಿಕ್ಕ ಕೂಡಲೇ ಅನುಮಾನಪಡುವುದನ್ನು ನಿಲ್ಲಿಸಿದೆನಲ್ಲ, ಅದು ತಪ್ಪು.

ಜಯಮ್ಮನ ಹತ್ತಿರ ಕ್ಷಮೆ ಕೇಳಿದ್ದೇನೆ. "ಅವ್ಳ ಅಣೇಲಿ ಬರ್ದಿತ್ತು ಬುಡಿ ಅಣ್ಣಾರೆ" ಎಂದು ಒಳಗೆ ಹೋದಳು.

ಜಯಮ್ಮನ ಮಗಳ ಹತ್ತಿರ ಕೇಳಿಲ್ಲ. ಅವಳೀಗ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಕಳೆದ ವಾರ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಇವತ್ತು ಹೇಳಿಯೇಬಿಡೋಣ ಎಂದು ಬಾಯಿ ತೆರೆದೆ. ಅವಳು ನನ್ನ ತುಟಿಗಳನ್ನೇ ನೋಡುತ್ತಾ, "ಏನ್ ತಾತ? ಜೋರಾಗ್ ಯೋಳಿ" ಎಂದಳು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ನನ್ನ ಕಡೆ ತಿರುಗಿದರು.

"ತಿಂಡಿ ಆಯ್ತಾ?" ಎಂದು ಕೂಗಿದೆ.

ಮೆಲ್ಲಗೆ ಹೇಳಿದರೆ ಅವಳಿಗೆ ಕೇಳಿಸದು. ಜೋರಾಗಿ ಹೇಳಿದರೆ ಊರಿಗೆಲ್ಲ ಕೇಳಿಸುತ್ತದೆ. ಇಷ್ಟು ವರ್ಷ ನನ್ನನ್ನು ತಡೆದದ್ದು ಇಷ್ಟೇ. ಇವತ್ತು ಊರಿಗೇ ಹೇಳುತ್ತಿದ್ದೇನೆ.

ಅವಳ ಹೆಸರು ಸವಿತಾ.