ಡಾಂಬರಿಲ್ಲದ ದೋಣಿಗಾಲು

ಮರೆಯಬೇಡ ಎಂದು ನಮ್ಮಣ್ಣ ನನಗೆ ಒತ್ತಿ ಹೇಳಿದ್ದು ಎರಡು ಕೆಲಸ. ಮರದ ವಿಮಾನದ ದೋಣಿಗಾಲುಗಳ ಒಳಗೆ ಡಾಂಬರು ಬಳಿಯಬೇಕು. ಆಮೇಲೆ ಅದನ್ನು ಒಂದು ಇಡೀ ದಿನ ನೀರಿನಲ್ಲಿ ಬಿಟ್ಟು ನೋಡಬೇಕು. ನಾನು ಎರಡನ್ನೂ ಮಾಡಲಿಲ್ಲ, ಮಾಡಿದ್ದೇನೆ ಎಂದೆ. ಅಣ್ಣನಿಗೆ ಕಣ್ಣು ಕಾಣುತ್ತಿರಲಿಲ್ಲ, ನಂಬಿದ. ಇದನ್ನು ನಾನು ಇವತ್ತಿನವರೆಗೆ ಯಾರ ಮುಂದೆಯೂ ಹೇಳಿಲ್ಲ. ನಲವತ್ತೆಂಟು ವರ್ಷ ಜೊತೆಗೆ ಬಾಳಿದ ಹೆಂಡತಿಗೂ ಹೇಳಲಿಲ್ಲ.

ನಾವಿದ್ದದ್ದು ಶಹಾಬಾದಿನಲ್ಲಿ. ನಿಜಾಮರ ಆಳ್ವಿಕೆ ಮುಗಿದು ಎರಡು ವರ್ಷವಾಗಿತ್ತು. ಮ್ಯಾಟ್ರಿಕ್ ಪಾಸಾಗಿ ನಾನು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯೊಂದರ ಆಫೀಸಿನಲ್ಲಿ ಕಾರಕೂನನಾಗಿದ್ದೆ. ಅಣ್ಣ ನನಗಿಂತ ಏಳು ವರ್ಷ ದೊಡ್ಡವನು. ವಾಡಿಯ ರೈಲ್ವೆ ಶೆಡ್ಡಿನಲ್ಲಿ ಫಿಟರ್ ಆಗಿದ್ದವನು ಮಹಾಯುದ್ಧದ ಕಾಲದಲ್ಲಿ ದಂಡಿಗೆ ಸೇರಿ ಮೂಡಣ ಸಮುದ್ರದ ದಂಡೆಗೆ ಹೋಗಿದ್ದ. ಅಲ್ಲಿ ನೀರಿನ ಮೇಲೆ ಇಳಿಯುವ ವಿಮಾನಗಳಿದ್ದವಂತೆ. ಅವಕ್ಕೆ ಗಾಲಿಗಳ ಬದಲು ಹೊಟ್ಟೆಯ ಕೆಳಗೆ ಎರಡು ಉದ್ದನೆಯ ಪೊಳ್ಳು ದೋಣಿಗಳು. ಅಣ್ಣ ಅವನ್ನು ಫ್ಲೋಟು ಎನ್ನುತ್ತಿದ್ದ, ನಮ್ಮವ್ವ ದೋಣಿಗಾಲು ಎಂದಳು, ಮನೆಯಲ್ಲಿ ಅದೇ ಹೆಸರು ನಿಂತಿತು. ಅವುಗಳೊಳಗೆ ಜಿನುಗಿದ ನೀರನ್ನು ದಿನಾ ಕೈಪಂಪಿನಿಂದ ತೆಗೆಯುವುದು, ಸೋರುವ ಕಡೆ ಮುಚ್ಚುವುದು ಅಣ್ಣನ ಕೆಲಸ. ಯುದ್ಧ ಮುಗಿಯುವ ಹೊತ್ತಿಗೆ ಪೆಟ್ರೋಲಿಗೆ ಬೆಂಕಿ ಹತ್ತಿ ಅವನ ಎರಡೂ ಕಣ್ಣು ಹೋದವು.

ಅವನ ಜೊತೆ ಅದೇ ದಿನ ದಂಡಿಗೆ ಸೇರಿದವನು ಮಳಖೇಡದ ಅಂಬಿಗರ ಹುಡುಗ. ಈಜು ಬಲ್ಲವನೆಂದು ಅವನಿಗೆ ಸಿಕ್ಕ ಕೆಲಸ, ಇಳಿದ ವಿಮಾನದ ಹತ್ತಿರ ಹಗ್ಗ ಹಿಡಿದು ಈಜಿ ಹೋಗಿ ಅದನ್ನು ಕಟ್ಟುವುದು. ಒಂದು ದಿನ ಬಿರುಗಾಳಿಯಲ್ಲಿ ಇಳಿದ ವಿಮಾನದ ಒಂದು ದೋಣಿಗಾಲು ಒಡೆದು, ವಿಮಾನ ಓರೆಯಾಗಿ ಮಗುಚಿತು. ಎರಡು ದೋಣಿಗಾಲುಗಳ ನಡುವೆ ಎಳೆದು ಕಟ್ಟಿದ ತಂತಿಗಳಲ್ಲಿ ಆ ಹುಡುಗ ಸಿಕ್ಕಿಬಿದ್ದ. ಅಣ್ಣ ದಂಡೆಯಿಂದ ನೋಡಿದ್ದ, ಆಗ ಅವನಿಗೆ ಕಣ್ಣಿತ್ತು. ಹೆಣ ಸಿಗಲಿಲ್ಲ. ಸರಕಾರದ ಕಾಗದದಲ್ಲಿ ಕಾಣೆಯಾಗಿದ್ದಾನೆ ಎಂದಷ್ಟೇ ಬರೆದಿತ್ತು.

ಆ ಹುಡುಗನ ಅಪ್ಪ ಮಳಖೇಡದಲ್ಲಿ ಹಳೆಯ ಕೋಟೆಯ ಕೆಳಗೆ ಕಾಗಿಣಾ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದ. ಅಣ್ಣ ವರ್ಷಕ್ಕೊಂದು ಸಲ ನನ್ನ ಕೈ ಹಿಡಿದುಕೊಂಡು ಅಲ್ಲಿಗೆ ಹೋಗುತ್ತಿದ್ದ. ಪ್ರತಿ ಸಲವೂ ಅದೇ ಮಾತು.

"ಏ ಮಿಲ್ಟ್ರಿ ಅಪ್ಪಾ, ವಿಮಾನ ನೀರಾಗ ಕುಂದರ್ತದಂತ ಹೇಳ್ತಿಯಲ್ಲ, ಹಂಗಾದ್ರ ನನ್ನ ಹರಿಗೋಲ ಮುಗಲಾಗ ಹಾರ್ತದೇನು?"

"ಕಾಕಾ, ನಾ ಕಣ್ಣಾರೆ ನೋಡೀನಿ."

"ಆ ಕಣ್ಣು ಈಗೆಲ್ಲವ? ಅಂಬಿಗರ ಮಗ ನೀರಾಗ ಸತ್ತಾಂದ್ರ ಈ ಹೊಳಿನೇ ನಗ್ತದ. ಅವ ಎಲ್ಲೋ ತಪ್ಪಿಸ್ಕೊಂಡು ಹೋಗ್ಯಾನ. ಬರ್ತಾನ."

ಗುಡಿಸಲ ಬಾಗಿಲಲ್ಲಿ ಅವನ ಸೊಸೆ ಕೂತು ಬಲೆ ಹೆಣೆಯುತ್ತಿದ್ದಳು. ಇಪ್ಪತ್ತೆರಡು, ಇಪ್ಪತ್ಮೂರು ವಯಸ್ಸಿರಬೇಕು. ಗಂಡ ಸತ್ತವಳಿಗೆ ಮರುಮದುವೆ ಮಾಡುವ ಉಡಿಕಿ ಪದ್ಧತಿ ಅವರಲ್ಲಿತ್ತು. ಸೇಡಂ ಕಡೆಯ ಒಬ್ಬರು ಬಂದು ಕೇಳಿಯೂ ಹೋಗಿದ್ದರು. ಮುದುಕ, ನನ್ನ ಮಗ ಬದುಕಿರುವಾಗ ಉಡಿಕಿ ಏನು ಎಂದು ಅವರನ್ನು ಬೈದು ಕಳಿಸಿದ್ದ. ಗೆಳೆಯನ ಸಾವನ್ನು ನಂಬಿಸಲಾಗದೆ ಒಂದು ಹೆಣ್ಣಿನ ಬಾಳು ಹಾಳಾಗುತ್ತಿದೆ ಎಂಬುದು ಅಣ್ಣನನ್ನು ತಿನ್ನುತ್ತಿತ್ತು. ಒಂದು ಸಲ ಅವನು ತಡೆಯಲಾರದೆ ಅಂದ:

"ಕಾಕಾ, ಅಂಥಾದೇ ಒಂದು ಸಣ್ಣ ವಿಮಾನ ಮಾಡಿ ಈ ಹೊಳಿಯೊಳಗ ತೇಲಿಸಿ ತೋರಿಸ್ತೀನಿ. ಆವಾಗರೆ ನಂಬ್ತಿಯೇನು?"

ಮುದುಕ ಕೈಯಲ್ಲಿದ್ದ ಹುಟ್ಟು ಕೆಳಗಿಟ್ಟ. "ತೇಲ್ತಂದ್ರ ನಂಬ್ತೀನಿ. ಮಗನ ಹೆಸರಲೆ ಮಾಡೋದು ಮಾಡ್ತೀನಿ. ಸೊಸಿನ್ನ ಉಡಿಕಿ ಮಾಡಿ ಕಳಿಸ್ತೀನಿ."

ಹೀಗೆ ವಿಮಾನದ ಕೆಲಸ ಶುರುವಾಯಿತು. ನೆನಪು ಅಣ್ಣನದು, ಕೈ ನನ್ನದು. ಅಲ್ಲಿಯ ಒಂದು ಗಜಕ್ಕೆ ಇಲ್ಲಿ ಅಣ್ಣನ ಒಂದು ಬೆರಳಗಲ, ಇದು ನಮ್ಮ ಅಳತೆ. ರೆಕ್ಕೆ ತುದಿಯಿಂದ ತುದಿಗೆ ಹದಿನೈದು ಬೆರಳು, ದೋಣಿಗಾಲು ಹತ್ತು ಬೆರಳು. ಹಾಲವಾಣದ ಹಗುರ ಕಟ್ಟಿಗೆ ತಂದೆವು. ಒಂದೊಂದು ದೋಣಿಗಾಲನ್ನೂ ಅವರೆಕಾಯಿಯಂತೆ ಉದ್ದಕ್ಕೆ ಎರಡು ಹೋಳು ಮಾಡಿ, ಒಳಗೆ ಕೊರೆದು ಪೊಳ್ಳು ಮಾಡಿ, ಮತ್ತೆ ಅಂಟಿಸಬೇಕು. ನಾನು ಕೊರೆದು ಕೊಟ್ಟದ್ದನ್ನು ಅಣ್ಣ ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದ. ಒಂದು ಜೋಳದ ಕಾಳಿನಷ್ಟು ಹೆಚ್ಚುಕಡಿಮೆಯಾದರೂ ಅವನಿಗೆ ಗೊತ್ತಾಗುತ್ತಿತ್ತು.

"ಕೆಳಗಿನ ಮೆಟ್ಟಲ ಎಲ್ಲದ?"

"ಮೆಟ್ಟಲ ಯಾಕಣ್ಣಾ? ಯಾರ ಹತ್ತಬೇಕು ಅಲ್ಲಿ?"

"ಹತ್ತೋದಕ್ಕಲ್ಲೋ ಮಬ್ಬಾ. ತಳದಾಗ ಒಂದು ಮೆಟ್ಟಲ ಇರಲಿಲ್ಲಂದ್ರ ನೀರು ವಿಮಾನ ಬಿಡಂಗಿಲ್ಲ, ಹಿಡಕೊಂಡೇ ಕುಂದರ್ತದ. ತೆಗಿ ಅದನ್ನ, ಬ್ಯಾರೆ ಮಾಡು."

ಮೂರು ಸಲ ಬೇರೆ ಮಾಡಿದೆ. ಬಡಿಗರ ಹತ್ತಿರ ಎಲುಬಿನ ಅಂಟು ತಂದು ಕಾಯಿಸಲು ಹೋದಾಗ ಅವ್ವ ಸೌಟು ಹಿಡಿದು ಅಡ್ಡ ನಿಂತಳು. "ಲಿಂಗ ಕಟ್ಟಿದ ಮನಿ ಇದು. ಎಲುಬ ಕುದಿಸಿದ ಒಲಿ ಮ್ಯಾಲ ನಾ ರೊಟ್ಟಿ ಬಡಿಯಂಗಿಲ್ಲ. ಹೊಳ್ಯಾಗರೆ ಹಾರ್ಸ್ರಿ, ಹೊಲದಾಗರೆ ಹಾರ್ಸ್ರಿ, ಅಂಗಳದಾಗ ಕಾಯಿಸ್ಕೋರಿ." ಅಂಗಳದಲ್ಲಿ ಮೂರು ಕಲ್ಲು ಹೂಡಿ ತಗಡಿನ ಡಬ್ಬಿಯಲ್ಲಿ ಕಾಯಿಸಿದೆ. ಅದರ ವಾಸನೆ ಬಂದ ಕೂಡಲೆ ಅಣ್ಣ ಹೇಳಿದ, "ಈ ಅಂಟು ಒಣಗಿದ ಊರಾಗ ಕಲ್ಲಿನಂಗ ಇರ್ತದ, ನೀರಾಗ ಬೆಲ್ಲದಂಗ ಕರಗ್ತದ. ಒಳಗ ಡಾಂಬರ ಹಚ್ಚಲಾರದ ಜೋಡಿಸಬ್ಯಾಡ." ಹೊಳೆಯಿಲ್ಲದ ಓಣಿಯಲ್ಲಿ ಬೆಳೆದ ನನಗೆ ಅದು ಅತಿಯಾದ ಎಚ್ಚರಿಕೆ ಅನ್ನಿಸಿತು. ನಮ್ಮ ಮನೆಯ ಕುರ್ಚಿ, ಪೆಟ್ಟಿಗೆ ಎಲ್ಲ ಅದೇ ಅಂಟಿನಲ್ಲಿ ಮೂವತ್ತು ವರ್ಷದಿಂದ ನಿಂತಿದ್ದವು.

ಅಷ್ಟರಲ್ಲಿ ನನಗೆ ಆ ವಿಮಾನದ ಹುಚ್ಚು ಹಿಡಿದಿತ್ತು. ಸೈಕಲ್ ಕಡ್ಡಿ ಕತ್ತರಿಸಿ ದೋಣಿಗಾಲುಗಳ ಕಂಬ ಮಾಡಿದೆ. ಹಳೆಯ ಮೋಟಾರಿನ ಸುರುಳಿಯಿಂದ ಕೂದಲಿನಂಥ ತಂತಿ ಬಿಚ್ಚಿ ಅವುಗಳ ನಡುವೆ ಎಳೆದೆ. ಅಣ್ಣನ ಬೆರಳು ಆ ತಂತಿಗಳ ಮೇಲೆ ಬಂದಾಗ ನಿಂತುಬಿಟ್ಟಿತು. "ಇಲ್ಲೇ," ಎಂದ. ಮುಂದಿನ ಗಾಜಿಗೆ ಅಭ್ರಕದ ಚೂರು, ಮೂತಿಯೊಳಗೆ ತೂಕಕ್ಕೆ ಸೀಸ. ಮೈತುಂಬ ರಿವೆಟ್ಟಿನ ಸಾಲುಗಳನ್ನು ಸೂಜಿಯಿಂದ ಚುಚ್ಚಿ ಬೆಳ್ಳಿ ಬಣ್ಣ ಬಳಿದೆ. ಇದೆಲ್ಲ ಅಣ್ಣನಿಗೆ ಕಾಣುತ್ತಿರಲಿಲ್ಲ. ನಾನು ಮಾಡಿದ್ದು ನೋಡುವವರಿಗಾಗಿ.

ಒಂದು ಚಕ್ಕೆಯ ಮೇಲೆ ಡಾಂಬರು ಹಚ್ಚಿ ನೋಡಿದ್ದೆ. ತೆಳ್ಳಗೆ ಕೊರೆದ ಕಟ್ಟಿಗೆಯೊಳಗಿಂದ ಅದು ಹೊರಗೆ ಹಾದು, ಬೆಳ್ಳಿ ಬಣ್ಣದ ಮೇಲೆ ಕರಿ ಮಚ್ಚೆಯಾಯಿತು. ನನ್ನ ವಿಮಾನಕ್ಕೆ ಆ ಮಚ್ಚೆ ಬೇಡವಾಗಿತ್ತು. ಡಾಂಬರಿಲ್ಲದೆಯೇ ಹೋಳುಗಳನ್ನು ಅಂಟಿಸಿದೆ. ಅಣ್ಣ ಕೇಳಿದಾಗ, ಹಚ್ಚಿದ್ದೇನೆ ಅಂದೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಒಂದು ಚಿಂದಿಯನ್ನು ಡಾಂಬರಿನಲ್ಲಿ ಅದ್ದಿ, ನನ್ನ ಬೆರಳಿಗೆ ಒರೆಸಿಕೊಂಡು, ಆ ಬೆರಳನ್ನು ಅವನ ಮೂಗಿನ ಹತ್ತಿರ ಹಿಡಿದೆ. ಅವನು ವಾಸನೆ ನೋಡಿ ನಕ್ಕ. ನನ್ನ ತಲೆ ಸವರಿದ.

ವಿಮಾನವನ್ನು ಹಂಡೆಯ ನೀರಿನಲ್ಲಿ ಬಿಟ್ಟಿದ್ದೇನೆ, ಆಮೇಲೆ ನೆರಳಲ್ಲಿ ಆರಬೇಕು ಎಂದು ಅವನಿಗೆ ಹೇಳಿದ ಆ ಎಂಟು ದಿನ ಅದು ನನ್ನ ಆಫೀಸಿನ ಮೇಜಿನ ಮೇಲಿತ್ತು. ಗಣಿಯ ಮ್ಯಾನೇಜರು ಕನ್ನಡಕ ತೆಗೆದು, ಹಾಕಿ ನೋಡಿದರು. ಚಿತ್ತಾಪುರದಿಂದ ಬಂದ ಗುತ್ತೇದಾರರು, "ಯಾ ದೇಶದಿಂದ ತರ್ಸೀರಿ ಸಾಹೇಬ್ರ?" ಎಂದು ಕೇಳಿದರು. ನಾನೇ ಮಾಡಿದ್ದು ಅಂದೆ. ಅಣ್ಣನ ಹೆಸರು ನನ್ನ ಬಾಯಿಗೆ ಬರಲಿಲ್ಲ.

ಮಳೆಗಾಲ ಮುಗಿದು ಹೊಳೆ ತಿಳಿಯಾದ ಮೇಲೆ ಹೊರಟೆವು. ವಾಡಿಯಲ್ಲಿ ಗಾಡಿ ಬದಲಿಸಿದೆವು. ಅಣ್ಣ ಹತ್ತಿಯ ಮೇಲಿಟ್ಟ ವಿಮಾನದ ಡಬ್ಬಿಯನ್ನು ತೊಡೆಯ ಮೇಲಿಂದ ಇಳಿಸಲೇ ಇಲ್ಲ. ಮಳಖೇಡದ ಹೊಳೆಯ ದಂಡೆಯಲ್ಲಿ ಮುದುಕ ಹರಿಗೋಲಿನ ತಳಕ್ಕೆ ಡಾಂಬರು ಬಳಿಯುತ್ತ ಕೂತಿದ್ದ. ಆ ವಾಸನೆ ಬಾರದ ಕಡೆಗೆ ನಾನು ಸರಿದು ನಿಂತೆ.

ಮೊಣಕಾಲು ಮಟ್ಟ ನೀರಿಗೆ ಇಳಿದು ನಾನು ವಿಮಾನವನ್ನು ಬಿಟ್ಟೆ. ಅದು ತೇಲಿತು. ಬಾತುಕೋಳಿಯಂತೆ ನೆಟ್ಟಗೆ, ಮೂತಿಯನ್ನು ಸ್ವಲ್ಪ ಮೇಲೆತ್ತಿ ತೇಲಿತು. ಸೊಸೆ ಬಲೆ ಕೆಳಗಿಟ್ಟು ಎದ್ದು ಬಂದಳು. ಮುದುಕ ಕೈ ಒರೆಸಿಕೊಂಡು ನೀರಿಗಿಳಿದ. ಅವನ ಮುಖದಿಂದ ಆ ಹಳೆಯ ಚೇಷ್ಟೆ ಹೋಗಿತ್ತು.

"ಇಂಥಾದೇನು?"

"ಇಂಥಾದೇ ಕಾಕಾ. ಇದರ ನಲವತ್ತೆಂಟು ಪಟ್ಟು ದೊಡ್ಡದು," ಅಣ್ಣ ದಂಡೆಯಿಂದ ಹೇಳಿದ.

"ನನ್ನ ಮಗ ಎಲ್ಲಿ ನಿಂದರ್ತಿದ್ದ?"

"ದೋಣಿಗಾಲಿನ ಮ್ಯಾಲ. ಹಗ್ಗ ಹಿಡಕೊಂಡು."

ಮುದುಕ ಬಗ್ಗಿ ನೋಡುತ್ತಲೇ ಇದ್ದ. ಇನ್ನೊಂದು ಗಳಿಗೆ ಕಳೆದಿದ್ದರೆ ಅವನು ಅಳುತ್ತಿದ್ದ ಎಂದು ನಾನು ಇಂದಿಗೂ ಆಣೆ ಮಾಡಿ ಹೇಳಬಲ್ಲೆ. ಅಷ್ಟರಲ್ಲಿ ಎಡ ದೋಣಿಗಾಲಿನ ಬದಿಯಿಂದ ಒಂದು ಸಣ್ಣ ಗುಳ್ಳೆ ಎದ್ದಿತು. ಆಮೇಲೆ ಒಂದು ಸಾಲು ಗುಳ್ಳೆ. ವಿಮಾನ ಎಡಕ್ಕೆ ವಾಲಿತು, ರೆಕ್ಕೆಯ ತುದಿ ನೀರಿಗೆ ತಾಗಿತು.

"ತೇಲ್ಲಿಕತ್ತದೇನೋ?" ಅಣ್ಣ ಕೇಳಿದ.

"ತೇಲ್ಲಿಕತ್ತದಣ್ಣಾ," ಅಂದೆ. ನಾನು ಅದನ್ನು ಹೇಳುವಾಗ ಸೀಸದ ಮೂತಿ ಕೆಳಗಾಗಿ ಅದು ಆಳಕ್ಕೆ ಇಳಿಯುತ್ತಿತ್ತು.

ಮುದುಕ ಮುಳುಗಿ ಕೈಯಾಡಿಸಿದ. ಸಿಕ್ಕಿದ್ದು ಅಂಟು ಬಿಟ್ಟು ಬೇರೆಯಾದ ದೋಣಿಗಾಲಿನ ಒಂದು ಹೋಳು ಮಾತ್ರ. ಅದನ್ನು ತಿರುಗಿಸಿ, ಒಳಮೈಯನ್ನು ಹೆಬ್ಬೆರಳಿನಿಂದ ಉಜ್ಜಿದ. ಬರಿಯ ಬಿಳಿ ಕಟ್ಟಿಗೆ. ಜೀವಮಾನವೆಲ್ಲ ಹರಿಗೋಲಿಗೆ ಡಾಂಬರು ಬಳಿದವನು ಅವನು. ತಲೆಯೆತ್ತಿ ನನ್ನನ್ನು ನೋಡಿದ. ಅವನಿಗೆ ಎಲ್ಲ ತಿಳಿಯಿತು, ತಿಳಿಯಿತೆಂದು ನನಗೂ ತಿಳಿಯಿತು. ಈಗ ಹೇಳುತ್ತಾನೆ ಎಂದು ಕಾದೆ. ಅವನು ಆ ಹೋಳನ್ನು ಸದ್ದಿಲ್ಲದೆ ನನ್ನ ಕೈಗಿಟ್ಟು, ದಂಡೆಯ ಕಡೆ ತಿರುಗಿ ಹೇಳಿದ:

"ಮುಳುಗ್ತು ಮಿಲ್ಟ್ರಿ ಅಪ್ಪಾ. ಗಾಳಿ ಇಲ್ಲ, ಸೆಳವಿಲ್ಲ, ತನ್ನಷ್ಟಕ್ಕ ತಾನೇ ಮುಳುಗ್ತು. ಇಂಥಾದು ನೀರಾಗ ನಿಲ್ಲಂಗಿಲ್ಲ. ನನ್ನ ಮಗ ಬದುಕ್ಯಾನ."

ಅವನ ದನಿಯಲ್ಲಿ ಸಂತೋಷವಿತ್ತು. ಮಗನನ್ನು ಉಳಿಸಿಕೊಳ್ಳಲು ಅವನಿಗೆ ನನ್ನ ಸುಳ್ಳು ಬೇಕಾಗಿತ್ತು. ಸೊಸೆ ಯಾರ ಮುಖವನ್ನೂ ನೋಡದೆ ಹೋಗಿ ಬಲೆ ಎತ್ತಿಕೊಂಡಳು.

ವಾಡಿ ಸ್ಟೇಷನ್ನಿನ ಫಲಾಟಿನಲ್ಲಿ ಗಾಡಿಗೆ ಕಾಯುವಾಗ ಅಣ್ಣ ಖಾಲಿ ಡಬ್ಬಿ ಹಿಡಿದು ಕೂತಿದ್ದ. ಬೆರಳು ಎಣಿಸುತ್ತಿದ್ದ.

"ಡಾಂಬರ ಹಚ್ಚಿದ್ದಿ. ನಾನೇ ವಾಸನಿ ನೋಡೀನಿ."

ನಾನು ಮುದುಕ ಕೊಟ್ಟ ಹೋಳನ್ನು ಅಂಗಿಯೊಳಗೆ ಇನ್ನೂ ಒಳಕ್ಕೆ ತಳ್ಳಿದೆ.

"ಹಂಗಾದ್ರ ನನ್ನ ಅಳತಿನೇ ತಪ್ಪು. ಹತ್ತು ಬೆರಳಲ್ಲೇನೋ. ಹನ್ನೊಂದಿರಬೇಕು. ನನಗ ನೆಪ್ಪಿಲ್ಲ."

ನನಗೆ ನೆನಪಿಲ್ಲ ಎಂಬ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಕಣ್ಣು ಹೋದವನ ಹತ್ತಿರ ಇದ್ದದ್ದು ನೆನಪೊಂದೇ. ಅದನ್ನು ನಾನು ಅಲ್ಲಿಯೇ ಅವನಿಗೆ ವಾಪಸು ಕೊಡಬಹುದಿತ್ತು, ಒಂದು ಮಾತು ಸಾಕಿತ್ತು. ಗಾಡಿ ಬಂತು ಅಣ್ಣಾ, ಏಳು ಎಂದೆ.

ಅವನು ಮತ್ತೆ ಮಳಖೇಡಕ್ಕೆ ಹೋಗಲಿಲ್ಲ. ದಂಡಿನ ಕಥೆ ಹೇಳುವುದನ್ನು ಬಿಟ್ಟ. ಕ್ರಮೇಣ ಮನೆಯ ಸಣ್ಣ ವಿಷಯಗಳಿಗೂ, ನನಗ ನೆಪ್ಪಿಲ್ಲ, ನೀನೇ ಹೇಳು ಅನ್ನತೊಡಗಿದ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಜ್ವರದಲ್ಲಿ ಮಲಗಿದ್ದಾಗ ಒಂದು ಮಧ್ಯಾಹ್ನ ನನ್ನನ್ನು ಕರೆದು ಕೇಳಿದ, "ಆ ಹುಡುಗ ತಂತಿಯಾಗ ಸಿಕ್ಕದ್ದು ನಾ ಖರೇನ ನೋಡಿದ್ನೇನೋ? ಏನು ನನಗ ಹಂಗ ಅನಿಸ್ತೇನು?"

"ನೋಡಿದ್ದಿ ಅಣ್ಣಾ," ಅಂದೆ.

"ನಿನಗ ಹ್ಯಾಂಗ ಗೊತ್ತು? ನೀ ಅಲ್ಲಿ ಇರ್ಲಿಲ್ಲ."

ಡಾಂಬರಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳದೆ ಅವನ ಹಣೆಯ ಒದ್ದೆ ಬಟ್ಟೆ ಬದಲಿಸಿದೆ. ಮೂರನೆಯ ದಿನ ಅವನು ಹೋದ. ಮುದುಕ ಇನ್ನೂ ಹಲವು ವರ್ಷ ಮಗನ ದಾರಿ ನೋಡಿ ಸತ್ತನಂತೆ. ಆ ಸೊಸೆ ತಲೆ ಬೆಳ್ಳಗಾಗುವವರೆಗೂ ಅದೇ ಗುಡಿಸಲಲ್ಲಿ ಇದ್ದಳು ಎಂದು ಕೇಳಿದ್ದೇನೆ. ಹೋಗಿ ನೋಡುವ ಧೈರ್ಯ ನನಗೆ ಬರಲಿಲ್ಲ.

ಆ ಹೋಳು ನನ್ನ ಹತ್ತಿರ ಇದೆ. ಬೆಳ್ಳಿ ಬಣ್ಣ ಉದುರಿದೆ. ಒಳಗಿನ ಬಿಳಿ ಕಟ್ಟಿಗೆ ಹಳದಿಗಟ್ಟಿದೆ. ಅಣ್ಣನ ಬೆರಳಿಟ್ಟು ನಾನು ಪೆನ್ಸಿಲಿನಿಂದ ಗೆರೆ ಎಳೆದ ಗುರುತುಗಳು ಮಾತ್ರ ಅಳಿಸಿಲ್ಲ. ನಿನ್ನೆ ಮತ್ತೆ ಎಣಿಸಿದೆ. ಹತ್ತು ಇವೆ. ಅಣ್ಣಾ, ನಿನ್ನ ಅಳತೆ ತಪ್ಪಿರಲಿಲ್ಲ.