ಕರ್ತನ ಭೋಜನಕ್ಕೆ ಏಳದ ದಯಕ್ಕ

ಗುಬ್ಬಿಯ ನಮ್ಮ ಚರ್ಚಿನಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ ಇರುತ್ತದೆ. ಪಾದ್ರಿ ಅಯ್ಯನವರು ಕರೆದ ಕೂಡಲೇ ಬೆಂಚುಗಳು ಒಂದೊಂದಾಗಿ ಖಾಲಿಯಾಗುತ್ತವೆ. ಜನ ವೇದಿಕೆಯ ಮುಂದೆ ಮೊಣಕಾಲೂರಿ ರೊಟ್ಟಿಯ ಚೂರು, ಗುಟುಕು ದ್ರಾಕ್ಷಾರಸ ತೆಗೆದುಕೊಂಡು ಬರುತ್ತಾರೆ. ಎಲ್ಲರೂ ಎದ್ದು ಹೋದ ಮೇಲೂ ಕಿಟಕಿ ಪಕ್ಕದ ಬೆಂಚಿನಲ್ಲಿ ಒಬ್ಬಳೇ ಹೆಂಗಸು ನೆಟ್ಟಗೆ ಕುಳಿತಿರುತ್ತಿದ್ದಳು. ಮುಖ ಮರೆಸಿಕೊಳ್ಳುವುದಾಗಲಿ, ತಲೆ ತಗ್ಗಿಸುವುದಾಗಲಿ ಇಲ್ಲ. ಹೊಸದಾಗಿ ಬಂದವರು ಆಕೆಯನ್ನು ಯಾರದೋ ಜೊತೆ ಸುಮ್ಮನೆ ಬಂದವಳು ಎಂದುಕೊಳ್ಳುತ್ತಿದ್ದರು. ಆಕೆ ಅದೇ ಚರ್ಚಿನಲ್ಲಿ ದೀಕ್ಷಾಸ್ನಾನ ಪಡೆದವಳು, ಅಲ್ಲೇ ಮದುವೆಯಾದವಳು. ಹೆಸರು ದಯಾಮಣಿ. ನಮಗೆಲ್ಲ ದಯಕ್ಕ.

ವಾರದ ಉಳಿದ ದಿನಗಳಲ್ಲಿ ದಯಕ್ಕ ಚೇಳೂರಿನಿಂದ ಗುಬ್ಬಿ ಮೇಲೆ ತುಮಕೂರಿಗೆ ಹೋಗುವ ಸರ್ಕಾರಿ ಬಸ್ಸಿನ ಕಂಡಕ್ಟರ್. ಗಂಡ ಡ್ರೈವರ್ ಆಗಿದ್ದವನು, ಎದೆನೋವೆಂದು ಮಲಗಿದವನು ಏಳಲಿಲ್ಲ. ಅನುಕಂಪದ ಆಧಾರದ ಮೇಲೆ ಇವಳಿಗೆ ಕೆಲಸ ಸಿಕ್ಕಿತು. ಮಕ್ಕಳಿರಲಿಲ್ಲ. "ಅನುಕಂಪದ ಕೆಲ್ಸ ಅಂತಾರೆ ಕಣೇ, ಈ ಬಸ್ಸಲ್ಲಿ ಎಲ್ಲೈತೆ ಅನುಕಂಪ? ಕಾಲಿಡೋಕೇ ಜಾಗ ಇಲ್ಲ" ಎಂದು ನಗುತ್ತಿದ್ದಳು. ತುಮಕೂರಿನ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದ ನಾನು ದಿನವೂ ಅದೇ ಬಸ್ಸಿನಲ್ಲಿ ಹೋಗುತ್ತಿದ್ದೆ. ಸಲಿಗೆ ಹೆಚ್ಚಾದರೆ ಗಂಡಸರಿಗೂ 'ಕಣೇ' ಅನ್ನುವ ಅಭ್ಯಾಸ ಆಕೆಗೆ. ನಾನು ತಿದ್ದಲು ಹೋಗಲಿಲ್ಲ.

ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಡ್ರೈವರ್ ಶಿವಣ್ಣ ಹಣೆ ತುಂಬ ವಿಭೂತಿ ಬಳಿದುಕೊಂಡು ಬಂದು ಶಿವನ ಪಟಕ್ಕೆ ಊದುಬತ್ತಿ ಹಚ್ಚುತ್ತಿದ್ದ. ದಯಕ್ಕ ಬಾಗಿಲ ಕಂಬಿ ಹಿಡಿದು ಕಣ್ಣು ಮುಚ್ಚುತ್ತಿದ್ದಳು. "ಆಮೆನ್ ಆಯ್ತಾ ದಯಕ್ಕ?" "ಆಯ್ತು, ಎತ್ತು." ಆಮೇಲೆಯೇ ಸೀಟಿ. ಶಿವಣ್ಣನ ಊದುಬತ್ತಿ ಹತ್ತದಿದ್ದರೆ ಇವಳು ಕಾಯುವಳು, ಇವಳ ಪ್ರಾರ್ಥನೆ ಉದ್ದವಾದರೆ ಅವನು. ಇಬ್ಬರ ದೇವರಿಗೂ ಬಸ್ಸು ತಡವಾಗುತ್ತದೆಂದು ನಾವು ಗೊಣಗಿದರೆ ಇಬ್ಬರೂ ಸೇರಿ ನಮ್ಮನ್ನೇ ಬೈಯುತ್ತಿದ್ದರು. ದಿನವಿಡೀ "ಮುಂದೆ ಹೋಗಿ, ಮುಂದೆ ಹೋಗಿ" ಎಂದು ಊರನ್ನೆಲ್ಲ ತಳ್ಳುವ ಈ ಹೆಂಗಸು ಚರ್ಚಿನಲ್ಲಿ ಮಾತ್ರ ಒಂದು ಹೆಜ್ಜೆ ಮುಂದೆ ಬರುವುದಿಲ್ಲವಲ್ಲ ಎಂದು ನಾನು ಒಮ್ಮೆ ರೇಗಿಸಿದ್ದೆ. ಆಕೆ ನಗಲಿಲ್ಲ. ಮತ್ತೆ ಆ ತಮಾಷೆ ಮಾಡಲಿಲ್ಲ ನಾನು.

ಕಾರಣ ಎಲ್ಲರಿಗೂ ಗೊತ್ತಿತ್ತು. ದಯಕ್ಕನಿಗೆ ಒಬ್ಬನೇ ತಮ್ಮ, ಪ್ರಭುದಾಸ. ಕುಣಿಗಲ್ಲಿನಲ್ಲಿ ಪೇಂಟ್ ಅಂಗಡಿ. ತಾಯಿ ಅವನ ಜೊತೆ ಇದ್ದರು. ಅವನು ನಮ್ಮ ಚರ್ಚು ಬಿಟ್ಟು, ತಗಡಿನ ಶೆಡ್ಡಿನಲ್ಲಿ ಸೇರುತ್ತಿದ್ದ ಒಂದು ಪ್ರಾರ್ಥನಾ ಗುಂಪಿಗೆ ಹೋಗತೊಡಗಿದ. ನಿಜವಾದ ನಂಬಿಕೆ ಇದ್ದವರಿಗೆ ಔಷಧಿ ಬೇಕಿಲ್ಲ ಎನ್ನುವುದು ಅಲ್ಲಿಯ ಬೋಧನೆ. ತಾಯಿಗೆ ಬಿಪಿ, ಶುಗರ್ ಎರಡೂ ಇತ್ತು. ಅವನು ಮಾತ್ರೆ ನಿಲ್ಲಿಸಿದ. ಮಗನ ನಂಬಿಕೆಗೆ ತಾನು ಅಡ್ಡ ಬರಬಾರದೆಂದು ಆ ತಾಯಿಯೂ ಒಪ್ಪಿದರು, ಮಗಳಿಗೆ ಫೋನಿನಲ್ಲಿ ಹೇಳದೆ ಮುಚ್ಚಿಟ್ಟರು. ಅವನು ಕೆಟ್ಟವನಲ್ಲ. ತಾಯಿಗಾಗಿ ಉಪವಾಸ ಮಾಡಿದ, ಹಾಸಿಗೆ ಪಕ್ಕ ಅತ್ತು ಪ್ರಾರ್ಥಿಸಿದ. ಒಂದು ಬೆಳಿಗ್ಗೆ ಆಕೆಗೆ ಪಾರ್ಶ್ವವಾಯು ಬಡಿಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು.

ಮಣ್ಣು ಗುಬ್ಬಿಯಲ್ಲೇ ಆಯಿತು. ಪೆಟ್ಟಿಗೆ ಇಳಿಸಿದ ಮೇಲೆ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುವುದು ನಮ್ಮ ಪದ್ಧತಿ. ಪ್ರಭುದಾಸ ಬಗ್ಗಿ ಮಣ್ಣು ತೆಗೆದುಕೊಂಡಾಗ ದಯಕ್ಕ ಅವನ ಮುಂಗೈ ಹಿಡಿದಳು. "ನೀನು ಹಾಕ್ಬೇಡ ಕಣೋ. ನೀನು ಆಗ್ಲೇ ಹಾಕಾಯ್ತಲ್ಲ" ಅಂದಳು. ಕಿರುಚಲಿಲ್ಲ, ಟಿಕೆಟ್ ಕೇಳುವಾಗಿನ ದನಿಯಲ್ಲೇ ಅಂದಳು. ಅವನ ಕೈಯಿಂದ ಮಣ್ಣು ತಾನಾಗಿ ಉದುರಿತು. ಆ ತಿಂಗಳಿಂದಲೇ ಆಕೆ ಭೋಜನಕ್ಕೆ ಏಳುವುದನ್ನು ನಿಲ್ಲಿಸಿದಳು. ಸಹೋದರನ ಜೊತೆ ಮನಸ್ತಾಪ ಇಟ್ಟುಕೊಂಡವರು ಮೊದಲು ಹೋಗಿ ರಾಜಿಯಾಗಬೇಕು, ಆಮೇಲೆ ದೇವರ ಮುಂದೆ ಬರಬೇಕು ಎಂದು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಕೇಳಿ, ನಮ್ಮ ನಮ್ಮ ಜಗಳಗಳನ್ನು ಬೆಂಚಿನ ಕೆಳಗೆ ಚಪ್ಪಲಿಯ ಜೊತೆ ಬಿಟ್ಟು ಎದ್ದು ಹೋಗುತ್ತೇವೆ. ಅದು ಈ ಒಬ್ಬಳಿಗೆ ಸಾಧ್ಯವಾಗಲಿಲ್ಲ.

ಅಯ್ಯನವರು ಒಳ್ಳೆಯ ಮನುಷ್ಯ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಆಕೆಯನ್ನು ತಡೆದು ನಿಲ್ಲಿಸಿದರು. "ಕ್ಷಮಿಸಿದೀನಿ ಅಂತ ಮನಸ್ಸಲ್ಲಿ ಅಂದ್ಕೊಂಡು ಬಂದ್ಬಿಡಮ್ಮ. ಉಳಿದದ್ದು ದೇವ್ರು ನೋಡ್ಕೊಳ್ತಾನೆ" ಎಂದರು.

"ಕ್ಷಮಿಸಿಲ್ವಲ್ಲ ಅಯ್ನೋರೆ! ದೇವ್ರ ಮುಂದೆ ಸುಳ್ಳು ಹೇಳಿ ತಿನ್ನೋದಕ್ಕಿಂತ ಹಸ್ಕೊಂಡಿರೋದೇ ವಾಸಿ. ಟಿಕೆಟ್ ತಗೊಳ್ದೇ ಕೂತವ್ರನ್ನ ನಾನು ದಿನಾ ಇಳಿಸ್ತೀನಿ. ಇಲ್ಲಿ ಬಂದು ನಾನೇ ಹಂಗೆ ಕೂರ್ಲಾ?"

ಭೋಜನ ಬಿಟ್ಟಳೇ ಹೊರತು ದಯಕ್ಕ ಚರ್ಚು ಬಿಡಲಿಲ್ಲ, ಬಸ್ಸಿನ ಪ್ರಾರ್ಥನೆ ಬಿಡಲಿಲ್ಲ. ಏನೆಂದು ಪ್ರಾರ್ಥಿಸುತ್ತೀಯ ಎಂದು ಕೇಳಿದ್ದಕ್ಕೆ, "ಈ ಕೋಪ ತಗೊಂಡ್ಬುಡು ಅಂತ ದಿನಾ ಕೇಳ್ತೀನಿ ಕಣೇ. ಅವನಿಗೂ ಬೇಡವೇನೋ, ತಗೊಳ್ತಾನೇ ಇಲ್ಲ" ಅಂದಳು.

ಹೀಗೇ ವರ್ಷಗಳು ಕಳೆದವು. ಒಂದು ದಿನ ಪ್ರಭುದಾಸನ ಹೆಂಡತಿ ಅಳುತ್ತಾ ಫೋನ್ ಮಾಡಿದಳು. ಅವನಿಗೂ ಶುಗರ್. ಕಾಲಿನ ಗಾಯ ಒಣಗುತ್ತಿಲ್ಲ, ಡಾಕ್ಟರು ಕೊಟ್ಟ ಮಾತ್ರೆಯನ್ನು ಮುಟ್ಟುತ್ತಿಲ್ಲ. ದಯಕ್ಕ ನನ್ನನ್ನು ಕರೆದಳು. "ನೀನೂ ಬಾ. ಒಬ್ಳೇ ಹೋದ್ರೆ ಬೈದು ಬಂದ್ಬಿಡ್ತೀನಿ" ಎಂದಳು. ತುಮಕೂರಿನಿಂದ ಕುಣಿಗಲ್ ಬಸ್ ಹಿಡಿದೆವು. ಆ ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೊಡದಿದ್ದಾಗಲೂ ಆಕೆ ಕೇಳಲಿಲ್ಲ. ಆಗಲೇ ನನಗೆ ಭಯವಾದದ್ದು.

ಪ್ರಭುದಾಸ ಚಾಪೆಯ ಮೇಲಿದ್ದ. ಕಾಲಿಗೆ ಹಳೆಯ ಪಂಚೆ ಸುತ್ತಿತ್ತು. ಮನೆ ತುಂಬ ಗಾಯದ ವಾಸನೆ. "ಬಾ ಅಕ್ಕ" ಅಂದ. ದಯಕ್ಕ ಕೂರಲಿಲ್ಲ.

"ಮಾತ್ರೆ ಯಾಕ್ಲಾ ತಗೊಳ್ತಿಲ್ಲ?"

"ನಂಬಿಕೆ ಅಕ್ಕ."

"ನನ್ ಹತ್ರ ಆ ಮಾತು ಬೇಡ. ನಿಜ ಹೇಳು."

ಅವನು ಕಾಲಿಗೆ ಸುತ್ತಿದ ಪಂಚೆಯನ್ನು ಎಳೆದು ಸರಿಮಾಡಿಕೊಂಡ. ಆಮೇಲೆ ಹೇಳಿದ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಹಾಗೇ ಇದೆ. "ಈಗ ನಾನು ಮಾತ್ರೆ ನುಂಗಿ ಬದುಕ್ಕೊಂಡ್ರೆ, ಅಮ್ಮನ್ನ ನಾನೇ ಸಾಯ್ಸಿದಂಗೆ ಆಗ್ತದಲ್ಲಕ್ಕ. ಆಮೇಲೆ ಹೆಂಗೆ ಬದುಕ್ಲಿ?"

ನಾನಾಗಿದ್ದರೆ ಹೇಳಿಬಿಡುತ್ತಿದ್ದೆ, ನಿನ್ನದೇನೂ ತಪ್ಪಿಲ್ಲ, ದೇವರ ಚಿತ್ತ ಹಾಗಿತ್ತು ಎಂದು. ಅಂಥ ಹೊತ್ತಿನಲ್ಲಿ ಯಾರಾದರೂ ಹೇಳುವ ಸುಳ್ಳು ಅದು. ದಯಕ್ಕ ಅವನ ಪಕ್ಕ ನೆಲದ ಮೇಲೆ ಕುಳಿತಳು.

"ಹೌದು ಕಣೋ, ನೀನೇ ತಪ್ಪು ಮಾಡ್ದೆ. ಅದು ಆಗೋಗೈತೆ. ಅದನ್ನ ಸರಿ ಅಂತ ತೋರ್ಸೋಕೆ ನೀನೂ ಸಾಯ್ಬೇಕಾ? ನಂಗೆ ಇನ್ನೂ ನಿನ್ ಮೇಲೆ ಕೋಪ ಐತೆ. ಕೋಪ ಮಾಡ್ಕೊಳ್ಳೋಕಾದ್ರೂ ನೀನು ಇರ್ಬೇಕು ನಂಗೆ. ನುಂಗು."

ನೀರಿನ ಲೋಟ ಆಕೆಯೇ ಹಿಡಿದಳು. ಅವನು ಮಗುವಿನ ಹಾಗೆ ಬಿಕ್ಕುತ್ತಾ ನುಂಗಿದ. ಅವತ್ತೇ ಅವನನ್ನು ಆಸ್ಪತ್ರೆಗೆ ಸೇರಿಸಿದೆವು. ಒಂದು ಬೆರಳು ಹೋಯಿತು, ಕಾಲು ಉಳಿಯಿತು.

ಅಲ್ಲಿಂದ ದಿನಾ ಸಂಜೆ ಫೋನ್. ಬಸ್ಸು ಎಷ್ಟೇ ತುಂಬಿರಲಿ, ಕಂಬಿಗೆ ಒರಗಿ "ನುಂಗಿದ್ಯೇನ್ಲಾ?" ಎಂದು ಕೇಳಿ, ಅವನು ಹೂಂ ಅಂದ ಕೂಡಲೇ ಇಟ್ಟುಬಿಡುವಳು. ಬೇರೆ ಒಂದು ಮಾತಿಲ್ಲ. ಇನ್ನಾದರೂ ಏಳುತ್ತಾಳೆಂದು ಮುಂದಿನ ಭೋಜನದ ದಿನ ನಾನು ಕಾದೆ. ಏಳಲಿಲ್ಲ. ನನಗೆ ಸಿಟ್ಟೇ ಬಂತು. ಇನ್ನೇನಕ್ಕ ಬಾಕಿ ಎಂದು ಕೇಳಿದೆ.

"ಸಾಯೋಕೆ ಬಿಡ್ಲಿಲ್ಲ, ಅಷ್ಟೇ. ಕ್ಷಮಿಸೋದು ಬೇರೆ ಕಣೇ. ಅದು ನಾನು ಎಳೆದ್ರೆ ಬರಲ್ಲ. ಕಾಯ್ತಾ ಇದೀನಿ."

ದಯಕ್ಕ ಹೋಗಿ ವರ್ಷವಾಗುತ್ತಾ ಬಂತು. ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ಬಹಳ ತಡವಾಗಿತ್ತು. ನಾನು ಆಕೆಯನ್ನು ಕೊನೆಯ ಸಲ ನೋಡಿದ್ದು ತುಮಕೂರಿನ ಒಂದು ಆಸ್ಪತ್ರೆಯಲ್ಲಿ. ಹಿಂದಿನ ದಿನ ತಾನಾಗಿಯೇ ಅಯ್ಯನವರಿಗೆ ಹೇಳಿಕಳಿಸಿದ್ದಳು, ಭೋಜನ ತನ್ನಿ ಎಂದು. ಅಯ್ಯನವರು ಚಿಕ್ಕ ಪೆಟ್ಟಿಗೆ ತೆರೆದು, ಹಾಸಿಗೆ ಪಕ್ಕದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದರು. ದಯಕ್ಕ ಅವರನ್ನು ತಡೆದಳು.

"ಅವನೆಲ್ಲಿ?"

ಪ್ರಭುದಾಸ ದಿನವೂ ಕುಣಿಗಲ್ಲಿನಿಂದ ಬಂದು, ಒಂದು ಗಳಿಗೆ ಒಳಗೆ ನಿಂತು, ಉಳಿದ ಹೊತ್ತೆಲ್ಲ ಹೊರಗೆ ಕೂರುತ್ತಿದ್ದ. ನಾನು ಹುಡುಕಿಕೊಂಡು ಹೋದೆ. ಗೇಟಿನ ಎದುರು ಟೀ ಅಂಗಡಿಯ ಕಲ್ಲಿನ ಮೇಲಿದ್ದ. ವಿಷಯ ಹೇಳಿದರೆ ಅಲ್ಲಾಡಲಿಲ್ಲ.

"ನಾನು ಬರಲ್ಲ ಮೇಷ್ಟ್ರೇ. ನನ್ನಿಂದ್ಲೇ ಅವಳು ಇಷ್ಟು ವರ್ಷ ತಗೊಂಡಿಲ್ಲ. ಕೊನೇಲೂ ನಾನೇ ಅಡ್ಡ ಬರ್ಲಾ?"

ಅವನ ತೋಳು ಹಿಡಿದು ಎಬ್ಬಿಸಿದೆ. ಕುಂಟುತ್ತಾ ಬಂದು ಬಾಗಿಲಲ್ಲಿ ನಿಂತ. ಅಷ್ಟು ಹೊತ್ತೂ ದಯಕ್ಕ ಅಯ್ಯನವರನ್ನು ಕಾಯಿಸಿದ್ದಳು. ಅವನನ್ನು ಕಣ್ಣಿನಲ್ಲೇ ಹತ್ತಿರ ಕರೆದಳು.

"ಅಯ್ನೋರೆ, ಮೊದ್ಲು ಅವನಿಗೆ ಕೊಡಿ."

ಅಯ್ಯನವರು ತಬ್ಬಿಬ್ಬಾದರು. ನಮ್ಮ ಸಭೆ ಬಿಟ್ಟು ಹೋದವನಿಗೆ ಕೊಡಬಹುದೋ ಬಾರದೋ ಎಂದು ನನ್ನ ಮುಖ ನೋಡಿದರು, ನಾನೇ ಬಿಷಪ್ಪನೋ ಎನ್ನುವ ಹಾಗೆ. ಆಮೇಲೆ ಏನು ತೋಚಿತೋ, ರೊಟ್ಟಿ ಮುರಿದು ಅವನ ಕಡೆ ಚಾಚಿದರು. ಪ್ರಭುದಾಸ ಕೈ ಚಾಚಲಿಲ್ಲ.

"ಅಕ್ಕ, ಅಮ್ಮಂಗೆ ನಾನು..."

"ಗೊತ್ತು ಕಣೋ" ಎಂದಳು ದಯಕ್ಕ. ಉಸಿರೆಳೆದುಕೊಂಡಳು. "ಬಾಳ ದಿನದಿಂದ ಇಬ್ರೂ ಹಸ್ಕೊಂಡಿದೀವಿ. ತಿನ್ನು."

ಅವನು ತೆಗೆದುಕೊಂಡ. ಅವನು ನುಂಗುವವರೆಗೂ ದಯಕ್ಕ ನೋಡುತ್ತಿದ್ದು, ಆಮೇಲೆ ಅಯ್ಯನವರ ಕಡೆ ತಿರುಗಿ ತಾನೂ ಬಾಯಿ ತೆರೆದಳು.